ಗಡಸು, ಪೆಡಸು, ಹದ: ಕೆಲವು ಪಾರಿಭಾಷಿಕ ಪದಗಳ ವಿಚಾರ

1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ವಿಜ್ಞಾನಿಗಳು ಲೋಕಕ್ಕೆ ತಿಳಿಯಪಡಿಸಿದ ಯಂತ್ರಕ್ಕೆ ಕನ್ನಡದಲ್ಲಿ ‘ಪರಮಾಣು ಬಲ ಸೂಕ್ಷ್ಮದರ್ಶಕ’ವೆಂಬ ಹೆಸರು ನಡೆಯುತ್ತಿರುವುದಷ್ಟೆ. ಇದರ ಕಡೆಯ ಪದವು ವಿಚಾರಾರ್ಹವಾದುದು. ಈ ಯಂತ್ರವು ನೋಡುವುದಲ್ಲ, ಮುಟ್ಟುವುದು. ತೆಳುವಾದ ಬಾಗುಪಟ್ಟಿಯ ತುದಿಯಲ್ಲಿ, ಕೆಲವೇ ನ್ಯಾನೊಮೀಟರು ತ್ರಿಜ್ಯದ ಮೊನೆಯೊಂದುಂಟು; ಮೊನೆಯು ವಸ್ತುವನ್ನು ಒತ್ತಿದಾಗ ಪಟ್ಟಿಯು ಎಷ್ಟು ಬಾಗಿತೆಂಬುದನ್ನು ಲೇಸರ್ ಕಿರಣದ ಪ್ರತಿಫಲನದಿಂದ ಅರಿಯುತ್ತಾರೆ. ‘ದರ್ಶಕ’ವೆಂಬ ತಪ್ಪು ಮೂಲಭಾಷೆಯಲ್ಲಿಯೇ ಇದ್ದುದರಿಂದ ಅನುವಾದಕರನ್ನು ದೂರುವುದು ನ್ಯಾಯವಲ್ಲ. ಅವರನ್ನು ದೂರಬೇಕಾದ ಸ್ಥಳ ಬೇರೆಯಿದೆ.

ಪಾಲಿಮರುಗಳನ್ನು ಈ ಮೊನೆಯಿಂದ ಒತ್ತಿ ಹಿಂದೆಗೆದರೆ ಬಲದ ರೇಖೆಯೊಂದು ದೊರೆಯುತ್ತದೆ. ಅದರ ಏರಿನಿಂದ ವಸ್ತುವಿನ ಪೆಡಸನ್ನೂ, ಬಿಡಿಸಿಕೊಳ್ಳುವಾಗ ಬೇಕಾದ ಸೆಳೆತದಿಂದ ಅಂಟನ್ನೂ, ಹೋಗುವ ಬರುವ ರೇಖೆಗಳ ನಡುವಣ ಅಂತರದಿಂದ ವ್ಯಯವಾದ ಶಕ್ತಿಯನ್ನೂ ತಿಳಿಯಬಹುದು. ಕನ್ನಡ ಬರಹಗಳಲ್ಲಿ ಪೆಡಸಿಗೂ ಗಡಸಿಗೂ ‘ಕಾಠಿನ್ಯ’ವೆಂಬ ಒಂದೇ ಪದವನ್ನು ಹೊದಿಸುವ ರೂಢಿಯಿದೆ. ಬಾಗಲು ಒಪ್ಪದಿರುವುದು ಪೆಡಸು. ಶಾಶ್ವತವಾದ ಗುಳಿ ಬೀಳಲು ಒಪ್ಪದಿರುವುದು ಗಡಸು. ರಬ್ಬರನ್ನು ಒತ್ತಿದರೆ ಸುಲಭವಾಗಿ ತಗ್ಗುತ್ತದೆ, ಕೈ ತೆಗೆದರೆ ಗುಳಿಯುಳಿಯುವುದಿಲ್ಲ. ‘ಕಾಠಿನ್ಯವಿಲ್ಲ’ವೆಂಬ ಮಾತು ಇದರಲ್ಲಿ ಅರ್ಧ ಮಾತ್ರ ನಿಜ. ಗಾಜಿನಂತಹ ಪ್ಲಾಸ್ಟಿಕಿನ ಯಂಗ್ ಗುಣಾಂಕ 2–3 ಗಿಗಾಪ್ಯಾಸ್ಕಲ್; ರಬ್ಬರಿನದು ಸುಮಾರು ಅದರ ಸಾವಿರದಲ್ಲೊಂದು ಪಾಲು. ಇಷ್ಟು ದೂರವಿರುವ ವಸ್ತುಗಳ ವಿಚಾರದಲ್ಲಿ ಪದವು ಸಡಿಲವಾದರೆ ವಿದ್ಯಾರ್ಥಿಯ ತಿಳಿವೂ ಸಡಿಲವಾಗುವುದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಈ ಭೇದವು ಪುಸ್ತಕವಿಲ್ಲದೆ ತಿಳಿದಿದೆ. ಬ್ಯಾರನ್ನಿನಲ್ಲಿ ಬೆಂದೊಣಗಿದ ವರ್ಜೀನಿಯಾ ಎಲೆಯನ್ನು ಕೂಡಲೇ ಹಿಡಿದರೆ ಅದು ಪುಡಿಯಾಗುತ್ತದೆ. ಗಾಳಿಯ ತೇವವನ್ನು ಹೀರಿ ಹದಕ್ಕೆ ಬಂದ ಮೇಲೆಯೇ ಅದನ್ನು ಇಳಿಸಿ, ದರ್ಜೆ ವಿಂಗಡಿಸಿ, ಕಟ್ಟುವುದು. ಎಲೆಯ ಕೋಶಭಿತ್ತಿಯಲ್ಲಿರುವ ಸೆಲ್ಯುಲೋಸು, ಪೆಕ್ಟಿನುಗಳೂ ಪಾಲಿಮರುಗಳೇ. ನೀರಿನ ಅಣುಗಳು ಅವುಗಳ ಸರಪಳಿಗಳ ನಡುವೆ ಹೊಕ್ಕು ಬಿಗಿಯನ್ನು ಸಡಿಲಿಸುತ್ತವೆ. ಎಲೆ ಅದೇ, ಬೆಳಗಿನದೊಂದು ಪೆಡಸು, ಮಧ್ಯಾಹ್ನದ್ದು ಇನ್ನೊಂದು. ಪ್ರಯೋಗಶಾಲೆಯಲ್ಲಿಯೂ ಹೀಗೆಯೇ: ನೀರೊಲ್ಮೆಯ ಪಾಲಿಮರಿನ ಪೆಡಸನ್ನು ಹೇಳಿ ಗಾಳಿಯ ತೇವಾಂಶವನ್ನು ಹೇಳದ ಸಂಖ್ಯೆಯು ಅಪೂರ್ಣವು. ಮೊನೆಗೂ ವಸ್ತುವಿಗೂ ನಡುವೆ ಕೂಡುವ ನೀರಿನ ತೆಳುಪೊರೆಯು ಅಂಟನ್ನು ಹೆಚ್ಚಿಸಿ, ವಸ್ತುವಿನದಲ್ಲದ ಗುಣವನ್ನು ಅದರದೆಂದು ತೋರಿಸುವುದೂ ಉಂಟು.

ಜೇಡಿಗೆ, ನೆಲಕ್ಕೆ, ಬೆಲ್ಲದ ಪಾಕಕ್ಕೆ ಹೇಳುವ ‘ಹದ’ವೆಂಬ ಪದವು ವಸ್ತುವನ್ನೂ ಅದರ ಅವಸ್ಥೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಗ್ರಾಮ್ಯವೆಂದು ಅದನ್ನು ಪಾರಿಭಾಷಿಕ ಕೋಶದ ಹೊರಗಿಡುವುದು ಅವಿವೇಕವೇ ಸರಿ. ಆದರೆ ಹದವು ಅಳತೆಯಲ್ಲ. ಸಂಖ್ಯೆಯ ಸ್ಥಾನದಲ್ಲಿ ಅದನ್ನು ಕೂರಿಸಲಾಗದು, ಸಂಖ್ಯೆಯ ಪಕ್ಕದಲ್ಲಿ ಕೂರಿಸಬಹುದು.

‘ಯಂತ್ರವು ಪೆಡಸನ್ನು ಅಳೆಯಿತು’ ಎಂಬ ವಾಕ್ಯವೂ ಪರೀಕ್ಷೆಗೆ ನಿಲ್ಲದು. ಅಳೆದದ್ದು ಪಟ್ಟಿಯ ಬಾಗು. ಪಟ್ಟಿಯ ಸ್ಪ್ರಿಂಗ್ ನಿಯತಾಂಕವನ್ನು ಮೊದಲು ಗೊತ್ತುಮಾಡಿ, ಮೊನೆಯ ಆಕಾರವನ್ನು ಊಹಿಸಿ, ಹರ್ಟ್ಸನ 1882ರ ಸಿದ್ಧಾಂತವನ್ನೋ, ಅಂಟನ್ನೂ ಲೆಕ್ಕಕ್ಕೆ ತರುವ 1971ರ ಮತ್ತು 1975ರ ಸಿದ್ಧಾಂತಗಳಲ್ಲೊಂದನ್ನೋ ಆರಿಸಿಕೊಂಡ ಮೇಲೆ ಗುಣಾಂಕವು ಗಣಿತದಿಂದ ಬರುತ್ತದೆ. ಅಂಟುವ ವಸ್ತುವಿಗೆ ಹರ್ಟ್ಸನ ಸೂತ್ರವನ್ನೇ ಹಚ್ಚಿದರೆ ಉತ್ತರವು ದಾರಿ ತಪ್ಪುವುದು. ವೇಗವಾಗಿ ಒತ್ತಿದರೆ ಅದೇ ಪಾಲಿಮರು ಹೆಚ್ಚು ಪೆಡಸಾಗಿ ತೋರುವುದರಿಂದ ವೇಗವನ್ನೂ ಹೇಳಬೇಕು.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಪದನಿರ್ಮಾಣದ ಹೊಣೆ ಕನ್ನಡಿಗರ ಮೇಲಿದೆ. ಇಲ್ಲಿ ಹೊಸದಾಗಿ ಕಟ್ಟಬೇಕಾದುದು ಅಲ್ಪವೇ. ಪೆಡಸು, ಗಡಸು ಎಂಬಿವನ್ನು ಬೇರೆ ಬೇರೆಯಾಗಿ ನಿಲ್ಲಿಸಿದರೆ ಸಾಕು. ಆಡುಮಾತಿನ ಪೆಡಸಿನಲ್ಲಿ ಮುರಿಯುವ ಸ್ವಭಾವವೂ ಬೆರೆತಿರುವುದರಿಂದ ಅದಕ್ಕೆ ‘ಭಿದುರತೆ’ಯನ್ನು ಪ್ರತ್ಯೇಕವಾಗಿ ಬಳಸಬಹುದು. ‘ಆಸಂಜನ’ವಂತೂ ಬೇಡವೇ ಬೇಡ, ‘ಅಂಟು’ ಇದೆ.