ಕಲ್ಯಾಣದ ಬಾಗಿಲು, ಚಿಕ್ಕಲ್ಲೂರಿನ ಪಂಕ್ತಿ

‘ಬಹುಸಂಸ್ಕೃತಿ’ ಎಂಬ ಮಾತು ಸೆಮಿನಾರುಗಳಲ್ಲಿ ಬಲು ಅಗ್ಗವಾಗಿದೆ. ಹತ್ತು ಜಾತಿಯ ಹಾಡು, ಹತ್ತು ಜಾತಿಯ ಕುಣಿತ ಒಂದೇ ವೇದಿಕೆ ಹತ್ತಿದರೆ ಸಮಾನತೆ ಬಂದೇಬಿಟ್ಟಿತು ಅಂತಾರೆ. ಮಂಟೇಸ್ವಾಮಿ ಕಾವ್ಯವನ್ನೂ ಹೀಗೇ ‘ಸಾಮರಸ್ಯದ ಕಾವ್ಯ’ ಎಂದು ಹೊಗಳಿ ಕೈತೊಳೆದುಕೊಳ್ಳುವ ವಿಮರ್ಶೆ ನಮ್ಮಲ್ಲಿದೆ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕತೆ ಹೇಳುವುದೇ ಬೇರೆ.

ಕಲ್ಯಾಣದ ಸಾಲನ್ನೇ ನೋಡಿ. ಕಲ್ಯಾಣವೆಂದರೆ ಜಾತಿ ಮುರಿಯಲು ಹೊರಟವರ ಊರು. ಅಂಥ ಊರಿಗೇ ಮಂಟೇಸ್ವಾಮಿ ಕೊಳಕು ವೇಷದಲ್ಲಿ, ನಾರುವ ಮೈಯಲ್ಲಿ ಬರುತ್ತಾನೆ. ಶರಣರು ಅಸಹ್ಯಪಟ್ಟು ಹೊರಗಟ್ಟುತ್ತಾರೆ. ಆತ ಹೋಗಿ ತಿಪ್ಪೆಯಲ್ಲಿ ಬೀಳುತ್ತಾನೆ. ಬಸವಣ್ಣನೇ ಹುಡುಕಿಕೊಂಡು ತಿಪ್ಪೆಗೆ ಬರಬೇಕಾಗುತ್ತದೆ. ಒಂದು ಸಮಾಜ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎನ್ನುವುದಕ್ಕಿಂತ ಅದರ ಬಾಗಿಲಲ್ಲಿ ಯಾರು ತಡೆಸಿಕೊಂಡರು ಎಂದು ಕೇಳುವ ಕಾವ್ಯವಿದು. ನಾವು ದಲಿತ ವಿಮರ್ಶೆ ಎಂದು ಹೆಸರಿಡುವ ಮೊದಲೇ ಆ ಕೆಲಸವನ್ನು ನೀಲಗಾರರು ಮಾಡಿದ್ದಾರೆ.

ಬಹುಸಂಸ್ಕೃತಿಯ ಪಾಠ ಹೇಳುವ ಅಮೆರಿಕದ ಚರಿತ್ರೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಬಹುದು. ಮನುಷ್ಯರೆಲ್ಲ ಸಮಾನರು ಎಂದು 1776ರಲ್ಲಿ ಸಾರಿದ ದೇಶ ಗುಲಾಮಗಿರಿಯನ್ನು ಸಂವಿಧಾನದಿಂದ ತೊಡೆದದ್ದು 1865ರಲ್ಲಿ. 1923ರಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಪೌರತ್ವಕ್ಕಾಗಿ ನಿಂತರು. ಅವರ ವಾದ ಏನು ಗೊತ್ತೇ? ತಾವು ಮೇಲುಜಾತಿಯ ಆರ್ಯರು, ಆದ್ದರಿಂದ ಬಿಳಿಯರು! ಕೋರ್ಟು ಒಪ್ಪಲಿಲ್ಲ. ವರ್ಣಭೇದದ ಬಾಗಿಲು ತಟ್ಟುವಾಗಲೂ ಕೈಯಲ್ಲಿದ್ದ ರಹದಾರಿ ಜಾತಿಯೇ. ನೂರು ವರ್ಷ ಕಳೆದು 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ನಮ್ಮವರ ಗಂಟುಮೂಟೆಯ ಜೊತೆ ಜಾತಿಯೂ ಕಡಲು ದಾಟಿತ್ತು.

ಈಗ ಚಿಕ್ಕಲ್ಲೂರಿಗೆ ಬನ್ನಿ. ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯಂದು ಬಿಡಾರಗಳಲ್ಲಿ ಮಾಂಸದಡುಗೆ ಬೇಯುತ್ತದೆ. ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದೇ ಸೇವೆ. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಕುರಿ ಕೋಳಿಗಳನ್ನು ದಾರಿಯಲ್ಲೇ ತಡೆಯಲಾಗಿದೆ. ಇದು ದೇವರಿಗೆ ಕೊಡೋ ಬಲಿಯಲ್ಲ, ನಾವು ಉಣ್ಣೋ ಊಟ ಎನ್ನುವುದು ಒಕ್ಕಲಿನವರ ಮಾತು. ಬಲಿ ಬೇಡ ಎನ್ನುವವರ ಜೊತೆ ಚರ್ಚೆ ಆಗಲಿ. ಆದರೆ ಒಂದೇ ಸಾಲಲ್ಲಿ ಉಣ್ಣುವುದನ್ನೂ ಬಲಿಯನ್ನೂ ಒಂದೇ ಎಂದು ಕಾಣುವ ಕಣ್ಣು ಯಾವುದು? ನೀಲಗಾರರ ಹಾಡನ್ನು ಪಠ್ಯಕ್ಕೂ ವೇದಿಕೆಗೂ ತಂದವರು ಅವರ ಅನ್ನದ ಪ್ರಶ್ನೆ ಬಂದಾಗ ಸುಮ್ಮನಾಗುವುದೇಕೆ?

ಹಾಗಂತ ಪಂಕ್ತಿಯನ್ನು ಹಾಡಿ ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಜಾತ್ರೆ ಮುಗಿಸಿ ಊರಿಗೆ ಮರಳಿದ ಮೇಲೆ ಅದೇ ಜನ ಅದೇ ಸಾಲಲ್ಲಿ ಕೂರುತ್ತಾರಾ? ಮಂಟೇಸ್ವಾಮಿ ಕಲ್ಯಾಣಕ್ಕೆ ಹಾಕಿದ ಪ್ರಶ್ನೆಯನ್ನು ನಮ್ಮ ಊರುಗಳಿಗೂ ಹಾಕಬೇಕು. ಕಾವ್ಯ ಓದುವ ಹುಡುಗ ಹುಡುಗಿಯರು ತಿಪ್ಪೆಯ ಕಡೆಯಿಂದ ಓದಲು ಶುರುಮಾಡಲಿ.