ತೋಟಾ ದೊಡ್ಡದಾದರೆ ವೇಗವೂ ಅಷ್ಟೇ ಹೆಚ್ಚುವುದೇ?

ರೈಫಲ್ ತೋಟಾಗಳ ಮಾರುಕಟ್ಟೆಯಲ್ಲಿ ‘ಮ್ಯಾಗ್ನಮ್’ ಎಂಬ ಹೆಸರಿಗೆ ವಿಶೇಷ ಆಕರ್ಷಣೆಯಿದೆ. ಹಿತ್ತಾಳೆಯ ಕವಚ ದೊಡ್ಡದಾದಷ್ಟೂ ಅದರಲ್ಲಿ ಹೆಚ್ಚು ಮದ್ದು ಹಿಡಿಸುತ್ತದೆ. ಗುಂಡು ಅಷ್ಟೇ ಹೆಚ್ಚು ವೇಗದಿಂದ ಹೊರಡುತ್ತದೆ ಎಂಬುದು ಈ ಹೆಸರಿನ ಹಿಂದಿರುವ ವಾದ. ವಾದದ ಮೊದಲರ್ಧ ನಿಜ. ಉಳಿದರ್ಧವನ್ನು ಅಂಕಿಗಳಿಂದ ಪರೀಕ್ಷಿಸಬೇಕು.

ಅಮೆರಿಕದ ಮೂರು ತೋಟಾಗಳನ್ನು ಹೋಲಿಸೋಣ. ಮೂರರಲ್ಲೂ ಗುಂಡಿನ ವ್ಯಾಸ 7.8 ಮಿ.ಮೀ. ಕವಚದ ಒಳಗಾತ್ರ ಮಾತ್ರ ಬೇರೆ: 1952ರ .308 ವಿಂಚೆಸ್ಟರ್‌ನದು ಸುಮಾರು 3.6 ಮಿ.ಲೀ., 1906ರ .30-06 ಸ್ಪ್ರಿಂಗ್‌ಫೀಲ್ಡ್‌ನದು 4.4, 1963ರ .300 ವಿಂಚೆಸ್ಟರ್ ಮ್ಯಾಗ್ನಮ್‌ನದು 5.9. ಪ್ರತಿಯೊಂದರಲ್ಲೂ 11.7 ಗ್ರಾಂ ತೂಕದ ಗುಂಡಿದ್ದಾಗ ವೇಗ ಕ್ರಮವಾಗಿ ಸೆಕೆಂಡಿಗೆ ಸುಮಾರು 800, 823 ಮತ್ತು 902 ಮೀಟರ್. ಮೊದಲನೆಯದಕ್ಕೂ ಕೊನೆಯದಕ್ಕೂ ಗಾತ್ರದಲ್ಲಿ ಶೇಕಡಾ 64ರಷ್ಟು ಹೆಚ್ಚಳವಿದೆ. ವೇಗದಲ್ಲಿ ಶೇಕಡಾ 13 ಮಾತ್ರ. ಒತ್ತಡದ ಮಿತಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ವೇಗವು ಗಾತ್ರದ ನಾಲ್ಕನೆಯ ಮೂಲವನ್ನು ಅನುಸರಿಸುತ್ತದೆ ಎಂಬ ಸ್ಥೂಲ ನಿಯಮವೊಂದಿದೆ. 1.64ರ ನಾಲ್ಕನೆಯ ಮೂಲ 1.13. ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು.

ಹೀಗೇಕೆ? ನಳಿಗೆಯ ಒಳಗಾತ್ರ ಬದಲಾಗುವುದಿಲ್ಲ. ಅದು ಸುಮಾರು 27 ಮಿ.ಲೀ. ಎಂದುಕೊಂಡರೆ, ಗುಂಡು ಹೊರಬೀಳುವ ಹೊತ್ತಿಗೆ ಚಿಕ್ಕ ಕವಚದ ಅನಿಲ ಎಂಟೂವರೆ ಪಟ್ಟು ಹಿಗ್ಗಿರುತ್ತದೆ. ಮ್ಯಾಗ್ನಮ್‌ನ ಅನಿಲ ಐದೂವರೆ ಪಟ್ಟು ಮಾತ್ರ. ಉಳಿದ ಶಕ್ತಿ ನಳಿಗೆಯ ತುದಿಯಲ್ಲಿ ಬೆಂಕಿಯಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಅಲ್ಲದೆ ಅನಿಲಕ್ಕೂ ರಾಶಿಯಿದೆ. ಮ್ಯಾಗ್ನಮ್‌ನಲ್ಲಿ ಮದ್ದಿನ ತೂಕ ಗುಂಡಿನ ತೂಕದ ಮೂರನೆಯ ಒಂದು ಭಾಗವನ್ನೂ ಮೀರುತ್ತದೆ. ಅದನ್ನೂ ಮುಂದಕ್ಕೆ ತಳ್ಳಬೇಕು; ಅದರ ಹಿನ್ನೂಕನ್ನು ಹೆಗಲು ತಡೆಯಬೇಕು.

ಹಾಗೆಂದು ಮ್ಯಾಗ್ನಮ್ ನಿರರ್ಥಕವೆನ್ನುವಂತಿಲ್ಲ. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಶೇಕಡಾ 27ರಷ್ಟು ಏರುತ್ತದೆ. ದೂರದ ಗುರಿಗೆ ಇದು ನಿಜವಾದ ಲಾಭ. ಆಕ್ಷೇಪವಿರುವುದು ಲಾಭವನ್ನು ಮಾತ್ರ ಹೇಳಿ ಬೆಲೆಯನ್ನು ಮುಚ್ಚಿಡುವ ಪ್ರಚಾರದ ಬಗ್ಗೆ.

ಉದ್ಯಮವೂ ಈ ಪಾಠವನ್ನು ಬಲ್ಲದು. ಸುಧಾರಿತ ಮದ್ದಿನ ಬಲದಿಂದ .308 ತೋಟಾ ತನಗಿಂತ ದೊಡ್ಡದಾದ .30-06ರ ಸಮೀಪಕ್ಕೆ ಬಂದಿತು. ಗಿಡ್ಡ ಯಂತ್ರಭಾಗವಿರುವ ರೈಫಲ್ ಸಾಧ್ಯವಾಯಿತು. ಅದರ ಸೈನಿಕ ರೂಪವನ್ನು 1954ರಲ್ಲಿ ನ್ಯಾಟೋ ಅಂಗೀಕರಿಸಿತು. 2007ರಲ್ಲಿ ಬಂದ 6.5 ಕ್ರೀಡ್‌ಮೂರ್‌ನ ಕವಚ .308ಕ್ಕಿಂತಲೂ ಸ್ವಲ್ಪ ಚಿಕ್ಕದು. ಆದರೂ, ಗಾಳಿಯ ತಡೆಯನ್ನು ಕಡಿಮೆ ಮಾಡುವ ನೀಳ ಗುಂಡಿನಿಂದಾಗಿ ಅದು ಜನಪ್ರಿಯವಾಯಿತು.

ಆದ್ದರಿಂದ ವೇಗದ ಅಂಕಿಯೊಂದನ್ನು ಕಂಡಾಗ ಗುಂಡಿನ ತೂಕವೆಷ್ಟು, ನಳಿಗೆಯ ಉದ್ದವೆಷ್ಟು, ಒತ್ತಡವೆಷ್ಟು ಎಂದು ಕೇಳಬೇಕು. ಈ ಮೂರನ್ನು ಬಿಟ್ಟ ಅಂಕಿ ಜಾಹೀರಾತು. ಮೂರೂ ಇದ್ದರೆ ಅದು ಮಾಪನ.