ಜೀವನಚರಿತ್ರೆಯಲ್ಲಿ ಗಣಿತದ ಸ್ಥಾನ: ಕ್ಯಾಥರೀನ್ ಜಾನ್ಸನ್ ಅವರ ಕಥನಗಳನ್ನು ಕುರಿತು

ಕವಿಯ ಜೀವನಚರಿತ್ರೆಯನ್ನು ಬರೆಯುವವರಿಗೆ ಒಂದು ಸೌಕರ್ಯವಿದೆ. ಕವಿತೆಯನ್ನು ವಾಚಕರ ಮುಂದಿಟ್ಟು, ಈ ಬಾಳು ಸಾರ್ಥಕವಾದದ್ದು ಇದರಿಂದ ಎಂದು ತೋರಿಸಬಹುದು. ಗಣಿತಜ್ಞರ ಚರಿತ್ರಕಾರರಿಗೆ ಈ ಸೌಕರ್ಯವಿಲ್ಲ. ಸಮೀಕರಣಗಳನ್ನು ಮುಂದಿಟ್ಟರೆ ಓದುಗರು ಪುಸ್ತಕವನ್ನು ಮುಚ್ಚಿಯಾರೆಂಬ ಅಳುಕು ಅವರಿಗೆ. ಆದುದರಿಂದ ಅವರು ಕೃತಿಯನ್ನು ಬದಿಗಿರಿಸಿ, ಪಟ್ಟ ಕಷ್ಟಗಳನ್ನೂ ಪಡೆದ ಮನ್ನಣೆಗಳನ್ನೂ ವರ್ಣಿಸಿ ತೃಪ್ತರಾಗುತ್ತಾರೆ. ಅಮೆರಿಕದ ಅಂತರಿಕ್ಷಯಾನದ ಆದ್ಯ ಗಣಿತಜ್ಞರಲ್ಲಿ ಒಬ್ಬರಾದ, ಕಪ್ಪು ಜನಾಂಗದ ಮಹಿಳೆ ಕ್ಯಾಥರೀನ್ ಜಾನ್ಸನ್ ಅವರ ಜೀವನವನ್ನು ಕುರಿತ ಎರಡು ಪ್ರಸಿದ್ಧ ಕಥನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಜೀವನದ ಸ್ಥೂಲರೇಖೆಯನ್ನು ಮೊದಲು ನೆನೆಯಬಹುದು. ಜಾನ್ಸನ್ ಅವರು 1918ರ ಆಗಸ್ಟ್ 26ರಂದು ಪಶ್ಚಿಮ ವರ್ಜೀನಿಯಾ ಸಂಸ್ಥಾನದ ವೈಟ್ ಸಲ್ಫರ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜನಿಸಿದರು. ಅಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಎಂಟನೆಯ ತರಗತಿಯಿಂದಾಚೆಗೆ ಸರಕಾರಿ ಶಾಲೆಯಿರಲಿಲ್ಲ. ಮಕ್ಕಳ ಓದಿಗಾಗಿ ತಂದೆತಾಯಿಗಳು ದೂರದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿ ಬಿಡಾರ ಹೂಡಿಸಿದರು. ಕಾಲೇಜಿನಲ್ಲಿ ಪ್ರಾಧ್ಯಾಪಕ ಕ್ಲೇಟರ್ ಅವರು ಈ ವಿದ್ಯಾರ್ಥಿನಿಗಾಗಿಯೇ ಮೂರು ಆಯಾಮಗಳ ವಿಶ್ಲೇಷಕ ಜ್ಯಾಮಿತಿಯ ಪಾಠವನ್ನು ಏರ್ಪಡಿಸಿದರು. 1937ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಗಣಿತ ಮತ್ತು ಫ್ರೆಂಚ್ ವಿಷಯಗಳಲ್ಲಿ ಪದವಿ ದೊರೆಯಿತು. ಕೆಲಕಾಲ ಉಪಾಧ್ಯಾಯಿನಿಯಾಗಿದ್ದು, 1953ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ನಗರದ ಲ್ಯಾಂಗ್ಲಿ ವಿಮಾನಸಂಶೋಧನಾಲಯವನ್ನು ಸೇರಿದರು. ಅಲ್ಲಿ ಅವರ ಹುದ್ದೆಯ ಹೆಸರು ‘ಕಂಪ್ಯೂಟರ್’ ಎಂದು. ಆ ಶಬ್ದ ಆಗಿನ್ನೂ ಮನುಷ್ಯರಿಗೆ ಸಲ್ಲುತ್ತಿತ್ತು. ನಮ್ಮಲ್ಲಿಯೂ ಗಣಕನೆಂದರೆ ಮೊದಲು ಲೆಕ್ಕ ಹಾಕುವ ಮನುಷ್ಯ. ಯಂತ್ರಕ್ಕೆ ಆ ಹೆಸರು ಬಂದದ್ದು ಈಚೆಗೆ. 33 ವರ್ಷಗಳ ಸೇವೆಯ ಬಳಿಕ 1986ರಲ್ಲಿ ಅವರು ನಿವೃತ್ತರಾದರು. 2020ರ ಫೆಬ್ರವರಿ 24ರಂದು, 101ನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು.

ಈ ಜೀವನವನ್ನು ಲೋಕಕ್ಕೆ ಪರಿಚಯಿಸಿದ ಗ್ರಂಥಗಳಲ್ಲಿ ಮುಖ್ಯವಾದದ್ದು ಮಾರ್ಗೊ ಲೀ ಶೆಟರ್ಲಿ ಅವರ ‘ಹಿಡನ್ ಫಿಗರ್ಸ್’ (2016). ಶೀರ್ಷಿಕೆಯಲ್ಲಿ ಶ್ಲೇಷೆಯಿದೆ. ಮರೆಯಾದ ವ್ಯಕ್ತಿಗಳು ಎಂಬುದು ಒಂದರ್ಥ, ಮರೆಯಾದ ಅಂಕಿಗಳು ಎಂಬುದು ಮತ್ತೊಂದು. ವ್ಯಕ್ತಿಗಳನ್ನು ಬೆಳಕಿಗೆ ತರುವ ಕಾರ್ಯದಲ್ಲಿ ಗ್ರಂಥ ಪೂರ್ಣ ಯಶಸ್ವಿಯಾಗಿದೆ. ಯುದ್ಧಕಾಲದಲ್ಲಿ, 1943ರಲ್ಲಿ, ಲ್ಯಾಂಗ್ಲಿಗೆ ಕಪ್ಪು ಜನಾಂಗದ ಮಹಿಳೆಯರು ಗಣಕರಾಗಿ ಪ್ರವೇಶಿಸಿದ ಬಗೆ, ಪಶ್ಚಿಮ ವಿಭಾಗವೆಂದು ಅವರನ್ನು ಪ್ರತ್ಯೇಕವಾಗಿ ಕೂರಿಸಿದ ವ್ಯವಸ್ಥೆ, ಡೊರೊತಿ ವಾನ್ ಅವರು ಆ ವಿಭಾಗದ ಮೇಲ್ವಿಚಾರಕಿಯಾದದ್ದು, ಮೇರಿ ಜಾಕ್ಸನ್ ಅವರು 1958ರಲ್ಲಿ ಎಂಜಿನಿಯರ್ ಪದವಿಗೇರಿದ್ದು, ಇವೆಲ್ಲ ದಾಖಲೆಗಳ ಆಧಾರದ ಮೇಲೆ ನಿರೂಪಿತವಾಗಿವೆ. ಲೇಖಕಿ ಒಬ್ಬಳೇ ನಾಯಿಕೆಯನ್ನು ನಿರ್ಮಿಸದೆ ಒಂದು ಸಮುದಾಯವನ್ನೇ ಚಿತ್ರಿಸಿರುವುದು ಗ್ರಂಥದ ಹಿರಿಯ ಗುಣ.

ಅದೇ ಹೆಸರಿನ, ಅದೇ ವರ್ಷದ ಕೊನೆಯಲ್ಲಿ ತೆರೆಕಂಡ ಚಲನಚಿತ್ರದ ವಿಷಯದಲ್ಲಿ ಈ ಮಾತನ್ನು ಹೇಳಲಾಗದು. ಅದರ ಪ್ರಸಿದ್ಧ ಸನ್ನಿವೇಶವೊಂದನ್ನು ತೆಗೆದುಕೊಳ್ಳೋಣ. ಜಾನ್ಸನ್ ಅವರು ಪ್ರತ್ಯೇಕ ಶೌಚಗೃಹಕ್ಕಾಗಿ ಮಳೆಯಲ್ಲಿ ಅರ್ಧ ಮೈಲಿ ಓಡುತ್ತಾರೆ. ಇದನ್ನರಿತ ಬಿಳಿಯ ಮೇಲಧಿಕಾರಿ ಸುತ್ತಿಗೆ ಹಿಡಿದು, ಕಪ್ಪು ಜನರಿಗಾಗಿ ಹಾಕಿದ್ದ ಫಲಕವನ್ನು ಒಡೆದುಹಾಕುತ್ತಾನೆ. ಈ ಅಧಿಕಾರಿ ಕಲ್ಪಿತ ಪಾತ್ರ, ಒಡೆದದ್ದೂ ಕಲ್ಪಿತ. ಶೌಚಗೃಹದ ಅವಮಾನ ಒದಗಿದ್ದು ಮೇರಿ ಜಾಕ್ಸನ್ ಅವರಿಗೆಂದು ಗ್ರಂಥ ಹೇಳುತ್ತದೆ. ಜಾನ್ಸನ್ ಅವರಾದರೋ ಫಲಕವಿಲ್ಲದ ಶೌಚಗೃಹವನ್ನು ಮೊದಲಿನಿಂದಲೂ ಬಳಸಿದರು. ಆಕ್ಷೇಪ ಬಂದಾಗಲೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಲನಚಿತ್ರಕ್ಕೆ ಇಷ್ಟು ಸ್ವಾತಂತ್ರ್ಯ ಸಲ್ಲಬೇಡವೇ ಎಂದು ಕೆಲವರು ಕೇಳಬಹುದು. ಕಲ್ಪನೆಗೆ ನಮ್ಮ ಆಕ್ಷೇಪವಿಲ್ಲ. ಆ ಕಲ್ಪನೆ ಯಾರ ಕೈಗೆ ಕರ್ತೃತ್ವವನ್ನು ಕೊಡುತ್ತದೆ ಎಂಬುದು ನಮ್ಮ ಪ್ರಶ್ನೆ. ಫಲಕವನ್ನು ತೆಗೆದ ನಿಜವಾದ ಘಟನೆಯೊಂದು ಶೆಟರ್ಲಿ ಅವರ ಗ್ರಂಥದಲ್ಲಿಯೇ ಇದೆ. ಊಟದ ಶಾಲೆಯಲ್ಲಿ ಈ ಮಹಿಳೆಯರ ಮೇಜಿನ ಮೇಲೆ ‘ಕಪ್ಪು ಗಣಕರು’ ಎಂಬ ಅರ್ಥದ ಫಲಕವನ್ನಿಡುತ್ತಿದ್ದರು. ಅವರಲ್ಲಿ ಒಬ್ಬರಾದ ಮಿರಿಯಮ್ ಮಾನ್ ಅದನ್ನು ತೆಗೆದು ಕೈಚೀಲಕ್ಕೆ ಸೇರಿಸಿದರು. ಮತ್ತೊಂದು ಬಂತು, ಅದನ್ನೂ ತೆಗೆದರು. ಕೊನೆಗೊಮ್ಮೆ ಫಲಕ ಬರುವುದೇ ನಿಂತಿತು. ಕೆಲಸ ಹೋಗಬಹುದೆಂಬ ಅಪಾಯವನ್ನು ತಲೆಯ ಮೇಲೆ ಹೊತ್ತು ಒಬ್ಬ ಮಹಿಳೆ ಸದ್ದಿಲ್ಲದೆ ಮಾಡಿದ ಕಾರ್ಯವಿದು. ಇದನ್ನು ಕೈಬಿಟ್ಟು, ಯಾವ ಅಪಾಯಕ್ಕೂ ಒಳಗಾಗದ ಅಧಿಕಾರಿಯ ಕೈಗೆ ಸುತ್ತಿಗೆ ಕೊಟ್ಟಾಗ, ಹೋರಾಟ ಔದಾರ್ಯವಾಗಿ ಮಾರ್ಪಡುತ್ತದೆ. ಹೀಗೆ ಕಲಾವಿದರು ಚರಿತ್ರೆಗೆ ಅಲಂಕಾರ ತೊಡಿಸುವ ಭರದಲ್ಲಿ ಅದರ ಸತ್ತ್ವವನ್ನೇ ಹೊರಗಿಟ್ಟಿದ್ದಾರೆ.

ಇನ್ನು ಅಂಕಿಗಳ ವಿಚಾರ. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಭೂಮಿಯನ್ನು ಮೂರು ಸಲ ಸುತ್ತಿದರು. ಯಾನಕ್ಕೆ ಮುನ್ನ, ವಿದ್ಯುನ್ಮಾನ ಗಣಕಯಂತ್ರದ ಫಲಿತಗಳನ್ನು ಜಾನ್ಸನ್ ಅವರು ಕೈಯಾರೆ ಪರೀಕ್ಷಿಸಬೇಕೆಂದು ಅವರು ಕೇಳಿದ್ದು ಎಲ್ಲರಿಗೂ ತಿಳಿದ ಸಂಗತಿ. ಕೇಳುವಾಗ ಅವರು ‘ಆ ಹುಡುಗಿ’ ಎಂದರಂತೆ; ಆ ‘ಹುಡುಗಿ’ಗೆ ಆಗ 43 ವರ್ಷ, ಮೂವರು ಹೆಣ್ಣುಮಕ್ಕಳ ತಾಯಿ. ಚಲನಚಿತ್ರದಲ್ಲಿ ಈ ಪರೀಕ್ಷೆ ಉಡಾವಣೆಯ ದಿನ, ಕೆಲವೇ ನಿಮಿಷಗಳಲ್ಲಿ, ಉಸಿರು ಬಿಗಿಹಿಡಿಸುವಂತೆ ನಡೆಯುತ್ತದೆ. ವಾಸ್ತವದಲ್ಲಿ ಅದು ಉಡಾವಣೆಗೆ ಮುಂಚಿನ ದಿನಗಳಲ್ಲಿ, ಮೇಜಿನ ಮೇಲಿನ ಯಾಂತ್ರಿಕ ಗುಣಕವನ್ನು ಬಳಸಿ, ಒಂದೂವರೆ ದಿನ ನಡೆದ ಕೆಲಸ. ಗಣಿತ ಮಿಂಚಿನಂತೆ ಹೊಳೆಯುವ ಪ್ರತಿಭೆಯೆಂಬ ಭ್ರಮೆಯನ್ನು ಚಿತ್ರ ಬೆಳೆಸುತ್ತದೆ. ಅದು ತಾಳ್ಮೆಯ ದುಡಿಮೆಯೆಂಬ ಸತ್ಯ ಮರೆಯಾಗುತ್ತದೆ.

ಜಾನ್ಸನ್ ಅವರ ಜೀವನದ ಕೇಂದ್ರ ಈ ಘಟನೆಯಲ್ಲ, 1960ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಡಿ-233 ಸಂಖ್ಯೆಯ ತಾಂತ್ರಿಕ ಲೇಖನವೆಂಬುದು ನಮ್ಮ ಅಭಿಪ್ರಾಯ. ಅದರ ಸಮಸ್ಯೆಯನ್ನು ಸರಳವಾಗಿ ಹೀಗೆ ಹೇಳಬಹುದು. ರಾಕೆಟ್ಟಿನ ಇಂಧನ ಉರಿದು ಮುಗಿದ ಕ್ಷಣದಲ್ಲಿ ಉಪಗ್ರಹ ಯಾವ ದಿಕ್ಕಿಗೆ ಸಾಗುತ್ತಿದ್ದರೆ, ಗೊತ್ತಾದ ಸುತ್ತುಗಳ ಅನಂತರ ಅದು ನಾವು ಆರಿಸಿದ ಸ್ಥಳದ ಮೇಲೆ ಬರುತ್ತದೆ? ಉತ್ತರದಿಂದ ಅಳೆದ ಆ ದಿಕ್ಕಿನ ಕೋನವೇ ದಿಗಂಶ. ಭೂಮಿ ನಿಶ್ಚಲವಾದ ಗೋಳವಾಗಿದ್ದರೆ ಗೋಳೀಯ ತ್ರಿಕೋನಮಿತಿಯಷ್ಟೇ ಸಾಕು: ಆರಂಭಸ್ಥಾನದ ಅಕ್ಷಾಂಶದ ಕೊಸೈನನ್ನು ದಿಗಂಶದ ಸೈನಿನಿಂದ ಗುಣಿಸಿದರೆ, ಕಕ್ಷಾತಲದ ಓರೆಯ ಕೊಸೈನ್ ದೊರೆಯುತ್ತದೆ. ಆದರೆ ಭೂಮಿ ತಿರುಗುತ್ತಿದೆ. ಸುಮಾರು 88 ನಿಮಿಷದ ಒಂದು ಸುತ್ತು ಮುಗಿಯುವುದರೊಳಗೆ ಅದು 22 ಅಂಶಗಳಷ್ಟು ಪೂರ್ವಕ್ಕೆ ಸರಿದಿರುತ್ತದೆ. ಅಲ್ಲದೆ ಭೂಮಿ ಸಮಭಾಜಕದ ಬಳಿ ಉಬ್ಬಿರುವುದರಿಂದ ಕಕ್ಷಾತಲವೇ ಮೆಲ್ಲಮೆಲ್ಲನೆ ತಿರುಗುತ್ತದೆ. ಎಷ್ಟು ಸರಿಯಿತೆಂದು ತಿಳಿಯಲು ಕಾಲ ಬೇಕು, ಕಾಲ ತಿಳಿಯಲು ಸ್ಥಾನ ಬೇಕು. ಆದುದರಿಂದ ಒಂದು ಬೆಲೆಯನ್ನು ಊಹಿಸಿ, ಲೆಕ್ಕ ಹಾಕಿ, ತಿದ್ದಿ, ಮತ್ತೆ ಲೆಕ್ಕ ಹಾಕಿ, ಉತ್ತರವನ್ನು ಸಮೀಪಿಸಬೇಕಾಗುತ್ತದೆ.

ಈ ಲೇಖನದ ಮುಖಪುಟದಲ್ಲಿ ಟಿ. ಎಚ್. ಸ್ಕೊಪಿನ್ಸ್ಕಿ ಅವರ ಹೆಸರಿನ ಜೊತೆಗೆ ಕ್ಯಾಥರೀನ್ ಜಿ. ಜಾನ್ಸನ್ ಎಂಬ ಹೆಸರಿದೆ. ಹೆಚ್ಚಿನ ಕೆಲಸವನ್ನು ಮಾಡಿದವರು ಜಾನ್ಸನ್, ಅವರೇ ಮುಗಿಸಲಿ ಎಂದು ಸ್ಕೊಪಿನ್ಸ್ಕಿ ಮೇಲಧಿಕಾರಿಗೆ ಹೇಳಿದರೆಂದು ಜಾನ್ಸನ್ ಸ್ಮರಿಸಿದ್ದಾರೆ. ಅವರ ವಿಭಾಗದಲ್ಲಿ ಮಹಿಳೆಯೊಬ್ಬರ ಹೆಸರು ಕರ್ತೃಸ್ಥಾನದಲ್ಲಿ ಅಚ್ಚಾದದ್ದು ಅದೇ ಮೊದಲು. ಗಣಕರು ಲೆಕ್ಕ ಮಾಡತಕ್ಕವರು, ಎಂಜಿನಿಯರುಗಳು ಹೆಸರು ಹಾಕತಕ್ಕವರು ಎಂಬ ವ್ಯವಸ್ಥೆಯಲ್ಲಿ ಇದು ಫಲಕ ಒಡೆದುದಕ್ಕಿಂತ ದೊಡ್ಡ ಘಟನೆ. ಚಲನಚಿತ್ರ ಹೆಸರಿನ ಜಗಳವನ್ನು ತೋರಿಸುತ್ತದೆ. ಯಾವುದರ ಮೇಲೆ ಆ ಹೆಸರು ಬೇಕಾಗಿತ್ತೋ ಅದನ್ನು ತೋರಿಸುವುದಿಲ್ಲ. ಗ್ರಂಥವೂ ಈ ಗಣಿತವನ್ನು ಮುಟ್ಟಿ, ಬೇಗನೆ ಮುಂದೆ ಸಾಗುತ್ತದೆ. ಗೌರವದೊಡನೆಯೇ ಹೇಳಬೇಕಾದ ಕೊರತೆಯಿದು.

ಚಲನಚಿತ್ರದಿಂದ ಲಕ್ಷಾಂತರ ಜನರಿಗೆ ಈ ಮಹಿಳೆಯರ ಹೆಸರು ತಿಳಿಯಿತಲ್ಲವೇ ಎಂಬ ವಾದದಲ್ಲಿ ಹುರುಳಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಜಾನ್ಸನ್ ಅವರಿಗೆ ಸಂದದ್ದು ಚಿತ್ರಕ್ಕೂ ಗ್ರಂಥಕ್ಕೂ ಮುಂಚೆ, 2015ರಲ್ಲಿ. ಅದು ಕೆಲಸಕ್ಕೆ ಸಂದ ಗೌರವ. ಹೆಸರನ್ನು ಮಾತ್ರ ಬಲ್ಲವರು ಅವರನ್ನು ಮೆಚ್ಚಿಕೊಳ್ಳಬಲ್ಲರು. ಅವರು ಯಾವುದರಲ್ಲಿ ದೊಡ್ಡವರೆಂದು ಹೇಳಲಾರರು. ಬಣ್ಣದ ಕಾರಣದಿಂದ ಬುದ್ಧಿಯನ್ನು ಸಂಶಯಿಸಿದ ಸಮಾಜಕ್ಕೆ ಪೂರ್ಣ ಉತ್ತರವಿರುವುದು ಆ ಬುದ್ಧಿಯ ಕೃತಿಯಲ್ಲಿ. ಅದನ್ನು ಬಿಟ್ಟ ಪ್ರಶಂಸೆ ಅನುಕಂಪಕ್ಕೆ ತೀರ ಹತ್ತಿರವಾಗುತ್ತದೆ.

ಡಿ-233 ಲೇಖನ ನಾಸಾ ಸಂಸ್ಥೆಯ ದಾಖಲೆಗಳಲ್ಲಿ ಇಂದಿಗೂ ಎಲ್ಲರಿಗೂ ದೊರೆಯುತ್ತದೆ. ಗೋಳೀಯ ತ್ರಿಕೋನಮಿತಿಯನ್ನು ಬಲ್ಲ ವಿದ್ಯಾರ್ಥಿಗಳು, ಅಧ್ಯಾಪಕರ ಸ್ವಲ್ಪ ನೆರವಿನಿಂದ, ಅದರ ಮುಖ್ಯ ಹೆಜ್ಜೆಗಳನ್ನು ಅನುಸರಿಸಬಲ್ಲರು. ಜಾನ್ಸನ್ ಅವರ ಮುಂದಿನ ಚರಿತ್ರಕಾರರು ಆ ಲೇಖನವನ್ನು ಅನುಬಂಧಕ್ಕೆ ತಳ್ಳದೆ, ಗ್ರಂಥದ ನಡುವಿನ ಅಧ್ಯಾಯವನ್ನಾಗಿ ಮಾಡಿದರೆ, ಶೆಟರ್ಲಿ ಅವರ ಶೀರ್ಷಿಕೆಯ ಎರಡನೆಯ ಅರ್ಥವೂ ಸಾರ್ಥಕವಾದೀತು.